ಮೇನ್ ಆಫ್ ಮಾಡಿದ ಮೇಲೂ ಪ್ರೆಸ್ ಇಳಿಯಿತು. ಹುಡುಗರಿಗೆ ಕನ್ನಡದಲ್ಲಿ ಹೇಗೆ ಹೇಳಲಿ?

ಭೋಸರಿ ಫಿಟ್ಟರ್

ಎಲ್ಲರಿಗೂ ನಮಸ್ಕಾರ. ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ತಗಡನ್ನು ಒತ್ತಿ ಆಕಾರ ಕೊಡುವ ಒಂದು ಪ್ರೆಸ್ ಶಾಪಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ದುರಸ್ತಿ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಊರು ಇಂಡಿ ತಾಲ್ಲೂಕು. ಇಲ್ಲಿ ನಮಗೆ ವಾರದ ರಜೆ ಗುರುವಾರ, ಹಾಗಾಗಿ ಬಿಚ್ಚುವ ಕಟ್ಟುವ ಕೆಲಸವೆಲ್ಲ ಅಂದೇ.

ಹೋದ ಗುರುವಾರ 100 ಟನ್ ಹೈಡ್ರಾಲಿಕ್ ಪ್ರೆಸ್ಸಿನ ಸಿಲಿಂಡರ್ ಬಳಿ ಎಣ್ಣೆ ಜಿನುಗುತ್ತಿತ್ತು. ಆಳಂದ ಕಡೆಯ ಹುಡುಗ, ಬಂದು ಎಂಟು ತಿಂಗಳು. ಪ್ಯಾನೆಲ್‌ನಲ್ಲಿ ಮೇನ್ ಆಫ್ ಮಾಡಿದ. ಪಂಪ್ ನಿಂತಿತು, ದೀಪಗಳು ಆರಿದವು. ಹಸಿರು ಗುಂಡಿಯನ್ನು ಒತ್ತಿಯೂ ನೋಡಿದ, ಏನೂ ಆಗಲಿಲ್ಲ. ಆಮೇಲೆ ಹೋಸ್ ಪೈಪಿನ ನಟ್ಟನ್ನು ಎರಡು ಸುತ್ತು ಸಡಿಲಿಸಿದ, ಅಷ್ಟೇ. ಮೇಲೆ ನಿಂತಿದ್ದ ಸ್ಲೈಡ್, ಅಂದರೆ ಇಳಿದು ಒತ್ತುವ ಭಾರಿ ತಲೆ, ಒಂದು ಗೇಣಿನಷ್ಟು ಕೆಳಗೆ ಬಂದು ಕುಳಿತಿತು. ದೊಡ್ಡ ಸದ್ದೂ ಇಲ್ಲ. ಡೈ (ಅಚ್ಚು) ಮೇಲಿಟ್ಟಿದ್ದ ಸ್ಪ್ಯಾನರನ್ನು ಎತ್ತಿಕೊಂಡು ಅವನ ಎಡಗೈ ಹೊರಬಂದು ಎರಡು ಸೆಕೆಂಡ್ ಆಗಿತ್ತು.

ಯಾರಿಗೂ ಏನೂ ಆಗಲಿಲ್ಲ. ವರದಿಯಲ್ಲಿ ‘ಕೆಲಸಗಾರನ ನಿರ್ಲಕ್ಷ್ಯ’ ಎಂದು ಬರೆದರು. ನನಗೆ ರಾತ್ರಿ ನಿದ್ದೆ ಬರಲಿಲ್ಲ, ಏಕೆಂದರೆ ‘ಮೇನ್ ಆಫ್ ಮಾಡು, ಆಮೇಲೆ ಕೈ ಹಾಕು’ ಎಂದು ಅವನಿಗೆ ಕಲಿಸಿದವನೇ ನಾನು. ಅವನು ಅದನ್ನೇ ಮಾಡಿದ್ದಾನೆ.

ಬರುವ ಗುರುವಾರ ಇಪ್ಪತ್ತೆರಡು ಜನರ ಮುಂದೆ ಅರ್ಧ ಗಂಟೆ ಮಾತನಾಡು ಎಂದು ಮ್ಯಾನೇಜರ್ ಹೇಳಿದ್ದಾರೆ. ಅದರಲ್ಲಿ ಹದಿನಾಲ್ಕು ಜನ ನಮ್ಮ ಕಡೆಯವರೇ. ಕಂಪನಿ ಕೊಟ್ಟ ಇಂಗ್ಲಿಷ್ ಚಿತ್ರಪಟ ನನಗೇ ತಲೆಗೆ ಹತ್ತುವುದಿಲ್ಲ. ಕರೆಂಟ್ ಇಲ್ಲದ ಯಂತ್ರದೊಳಗೆ ಇನ್ನೂ ಏನೋ ಉಳಿದಿರುತ್ತದೆ ಎಂಬುದನ್ನು ಕನ್ನಡದಲ್ಲಿ ಮನಸ್ಸಿಗೆ ನಾಟುವಂತೆ ಹೇಗೆ ಹೇಳುವುದು?

ಹಡಪ್ಸರ ಹುಡುಗ

ಬೂದಿ ಮುಚ್ಚಿದ ಕೆಂಡ. ಮುಗಿಯಿತು, ಉಳಿದ ಇಪ್ಪತ್ತೊಂಬತ್ತು ನಿಮಿಷ ಚಹಾ ಕುಡಿಯಿರಿ.

ಚಾಕಣ ಇನ್‌ಸ್ಟ್ರುಮೆಂಟ್

ಅಣ್ಣ, ಮೊದಲು ಆ ಹುಡುಗನ ಪರವಾಗಿ ಒಂದು ಮಾತು. ಆಫ್ ಮಾಡಿ, ಗುಂಡಿ ಒತ್ತಿ ಪರೀಕ್ಷಿಸಿದ್ದಾನೆ. ಅನೇಕ ಇಂಜಿನಿಯರುಗಳು ಅಷ್ಟೂ ಮಾಡುವುದಿಲ್ಲ. ಆದರೆ ಗುಂಡಿ ಒತ್ತಿದರೆ ತಿಳಿಯುವುದು ವಿದ್ಯುತ್ತಿನ ಸಮಾಚಾರ ಮಾತ್ರ. ಸ್ಲೈಡನ್ನು ಮೇಲೆ ಹಿಡಿದಿದ್ದು ವಿದ್ಯುತ್ ಅಲ್ಲವೇ ಅಲ್ಲ, ಪಿಸ್ಟನ್ ಅಡಿಯಲ್ಲಿ ವಾಲ್ವ್ ಹಿಡಿದಿಟ್ಟಿದ್ದ ಎಣ್ಣೆ. ಆ ಎಣ್ಣೆಗೆ ಹೊರಹೋಗಲು ದಾರಿ ಮಾಡಿಕೊಟ್ಟದ್ದು ಅವನ ಸ್ಪ್ಯಾನರ್.

ನನ್ನ ಪ್ರಕಾರ ಅಲ್ಲಿಂದಲೇ ಶುರು ಮಾಡಿ. ಬೆಳಿಗ್ಗೆಯಿಂದ ಮೋಟಾರು ಮೀಟರಿನಿಂದ ಎಳೆದ ಕರೆಂಟ್ ಎಲ್ಲಿಗೆ ಹೋಯಿತು ಎಂದು ಹುಡುಗರನ್ನೇ ಕೇಳಿ. ಒಂದಷ್ಟು ಕೆಲಸ ಮಾಡಿತು, ಒಂದಷ್ಟು ಎಣ್ಣೆಯನ್ನು ಬಿಸಿ ಮಾಡಿತು, ಒಂದಷ್ಟು ಸ್ಲೈಡನ್ನು ಮೇಲಕ್ಕೆತ್ತಿ ಅಲ್ಲೇ ಕುಳಿತಿದೆ. ಒತ್ತಡವನ್ನು ಕೂಡಿಡುವ ಅಕ್ಯುಮ್ಯುಲೇಟರ್ ಇದ್ದರೆ ಅದರೊಳಗಿನ ನೈಟ್ರೋಜನ್ ಅನಿಲವನ್ನು ಅದುಮಿಕೊಂಡು ಕುಳಿತಿದೆ. ಸ್ವಿಚ್ಚು ಹೊಸದಾಗಿ ಬರುವುದನ್ನು ತಡೆಯುತ್ತದೆ. ಆಗಲೇ ಒಳಗೆ ಬಂದು ವೇಷ ಬದಲಿಸಿಕೊಂಡದ್ದನ್ನು ಅದು ಏನೂ ಮಾಡಲಾರದು.

ಹಡಪ್ಸರ ಹುಡುಗ

ವೇಷ ಬದಲಿಸುವುದು! ಅಕ್ಕ, ನಿಮ್ಮದು ಯಕ್ಷಗಾನದ ಊರೇ?

ಚಾಕಣ ಇನ್‌ಸ್ಟ್ರುಮೆಂಟ್

ಶಿರಸಿ. ಹೌದು.

ಪಿಂಪ್ರಿ ಪಾಟೀಲ

ನನ್ನದು ಹನ್ನೆರಡು ಜನರ ಸಣ್ಣ ವರ್ಕ್‌ಶಾಪ್. ದುರಸ್ತಿಗೆ ಮುಂಚೆ ಮೇನ್ ಸ್ವಿಚ್ಚಿಗೆ ಹಾಕುವ ಈ ಬೀಗ, ಚೀಟಿ, ಪರ್ಮಿಟ್ ಎಲ್ಲ ದೊಡ್ಡ ಕಂಪನಿಗಳ ಶೋಕಿ. ಎರಡು ನಿಮಿಷದ ಕೆಲಸಕ್ಕೆ ಇಪ್ಪತ್ತು ನಿಮಿಷದ ಪೂಜೆ ಮಾಡಿದರೆ ಮಾಲು ಯಾವಾಗ ಕಳಿಸುವುದು? ಗ್ರಾಹಕ ಕಾಯುತ್ತಾನೆಯೇ? ಕೆಂಪು ಎಮರ್ಜೆನ್ಸಿ ಗುಂಡಿ ಒತ್ತಿ ಕೆಲಸ ಮಾಡು ಎಂದು ಹೇಳಿದ್ದೇನೆ. ಇಪ್ಪತ್ತು ವರ್ಷಗಳಿಂದ ನಡೆದಿದೆ.

ಕಾಯ್ದೆ ಕಾಕಾ

ಪಾಟೀಲರೇ, ಕೆಂಪು ಗುಂಡಿ ಓಡುತ್ತಿರುವ ಯಂತ್ರವನ್ನು ಅವಸರದಲ್ಲಿ ನಿಲ್ಲಿಸುವುದಕ್ಕೆ ಇರುವಂಥದ್ದು. ಸಾಮಾನ್ಯವಾಗಿ ಅದು ಕಡಿಯುವುದು ಯಂತ್ರಕ್ಕೆ ಆಜ್ಞೆ ಕೊಡುವ ಕಂಟ್ರೋಲ್ ಸರ್ಕ್ಯೂಟನ್ನು. ಪ್ಯಾನೆಲ್ಲಿನ ಒಳಗೆ 415 ವೋಲ್ಟ್ ಹಾಗೆಯೇ ನಿಂತಿರುತ್ತದೆ. ಮೋಟಾರಿಗೆ ಕರೆಂಟ್ ಜೋಡಿಸುವ ಕಾಂಟ್ಯಾಕ್ಟರ್ ಅಂಟಿಕೊಂಡಿದ್ದರೆ ನಿಮ್ಮ ಗುಂಡಿ ಗುಂಡಿಯಾಗಿಯೇ ಉಳಿಯುತ್ತದೆ. ಅಮೆರಿಕದವರು 1989ರಲ್ಲಿ ಈ ವಿಷಯಕ್ಕೇ ಒಂದು ಪ್ರತ್ಯೇಕ ನಿಯಮ ಮಾಡಿದರು. ಒತ್ತುಗುಂಡಿ, ಸೆಲೆಕ್ಟರ್ ಸ್ವಿಚ್ಚುಗಳನ್ನು ವಿದ್ಯುತ್ ಬೇರ್ಪಡಿಸುವ ಸಾಧನವೆಂದು ಎಣಿಸುವಂತಿಲ್ಲ ಎಂದು ಅದರಲ್ಲಿ ನೇರವಾಗಿ ಹೇಳಿದ್ದಾರೆ.

‘ದೊಡ್ಡ ಕಂಪನಿಗಳ ಶೋಕಿ’ ಎಂಬ ಮಾತಿಗೆ: ನಮ್ಮ ಹಳೆಯ, 1948ರ ಕಾರ್ಖಾನೆ ಕಾಯ್ದೆಯ 24ನೇ ಕಲಂ ತೆರೆದು ನೋಡಿ. ವಿದ್ಯುತ್ ಕಡಿಯುವ ಸಾಧನ ಆಕಸ್ಮಿಕವಾಗಿ ಆಫ್‌ನಿಂದ ಆನ್‌ಗೆ ಜಾರುವಂತಿದ್ದರೆ ಅದನ್ನು ಸುರಕ್ಷಿತ ಸ್ಥಾನದಲ್ಲಿ ಬೀಗ ಹಾಕಿ ನಿಲ್ಲಿಸುವ ವ್ಯವಸ್ಥೆ ಇರಬೇಕು ಎಂದು ಅದರಲ್ಲೇ ಇತ್ತು. ಬೀಗವೇನೂ ನಿನ್ನೆ ವಿಮಾನದಲ್ಲಿ ಬಂದಿಳಿದದ್ದಲ್ಲ.

ಪಿಂಪ್ರಿ ಪಾಟೀಲ

ಕಾಕಾ, ಕಲಂ ಓದಿ ಹೊಟ್ಟೆ ತುಂಬುವುದಿಲ್ಲ.

ಕಾಯ್ದೆ ಕಾಕಾ

ಕೈ ಇಲ್ಲದಿದ್ದರೆ ಊಟವನ್ನೂ ಮಾಡುವುದಾಗುವುದಿಲ್ಲ.

ಮಾಟುಂಗಾ ಅಡುಗೆಮನೆ

ನಾನು ಕಾರ್ಖಾನೆಯವನಲ್ಲ, ಹೋಟೆಲಿನವನು, ಆದರೂ ಒಂದು ಕಥೆ ಇದೆ. 2020ರ ಅಕ್ಟೋಬರ್ 12 ನೆನಪಿದೆಯೇ? ಬೆಳಿಗ್ಗೆ ಹತ್ತರ ಹೊತ್ತಿಗೆ ಇಡೀ ಮುಂಬೈಯ ಕರೆಂಟ್ ಹೋಗಿ ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ಕೊರೊನಾ ಮುಚ್ಚುಗಡೆ ಮುಗಿದು ಹೋಟೆಲು ತೆರೆದು ಒಂದು ವಾರವಾಗಿತ್ತು. ನಾನಾಗ ಕೆಲಸಕ್ಕಿದ್ದ ಕಡೆ ಗ್ರೈಂಡರಿನಲ್ಲಿ ಉದ್ದಿನ ಹಿಟ್ಟು ಅರ್ಧಕ್ಕೆ ನಿಂತಿತು. ಮುಂಬೈಯಲ್ಲಿ ಕರೆಂಟ್ ಹೋಗುವುದೇ ಅಪರೂಪ, ಹೋದರೆ ಯಾವಾಗ ಬರುತ್ತದೆ ಎಂಬ ಅಂದಾಜು ಯಾರಿಗೂ ಇಲ್ಲ. ಹಿಟ್ಟು ಹುಳಿಯಾದೀತು ಎಂದು ಕುಂದಾಪುರದ ಹುಡುಗನೊಬ್ಬ ಕೈಯಿಂದ ಬಾಚಿ ತೆಗೆಯುತ್ತಿದ್ದ. ಗೋಡೆಯ ಸ್ವಿಚ್ಚನ್ನು ಯಾರೂ ಆಫ್ ಮಾಡಿರಲಿಲ್ಲ. ಏಕೆ ಮಾಡಬೇಕು? ಕರೆಂಟೇ ಇಲ್ಲವಲ್ಲ!

ಬಂತು. ಕಲ್ಲು ತಿರುಗಿತು. ನಡುಬೆರಳಿನ ಉಗುರು ಹೋಯಿತು, ಬೆರಳು ಉಳಿಯಿತು. ‘ಅದೃಷ್ಟವಂತ’ ಎಂದು ಯಜಮಾನರು ಹೇಳಿದರು. ಹುಡುಗ ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ.

ಚಾಕಣ ಇನ್‌ಸ್ಟ್ರುಮೆಂಟ್

ಇದನ್ನು ತಡೆಯುವ ಸಾಮಾನು ಬಹಳ ಹಳೆಯದು, ಅಗ್ಗದ್ದು. ಹಸಿರು ಕೆಂಪು ಗುಂಡಿಯ ಡಿಒಎಲ್ ಸ್ಟಾರ್ಟರ್, ಅಂದರೆ ಮೋಟಾರನ್ನು ನೇರವಾಗಿ ಲೈನಿಗೆ ಜೋಡಿಸುವ ಪೆಟ್ಟಿಗೆ. ಅದರ ಕಾಯಿಲ್ (ತಂತಿಯ ಸುರುಳಿ) ತನ್ನದೇ ಕಾಂಟ್ಯಾಕ್ಟಿನ ಮೂಲಕ ಕರೆಂಟ್ ಪಡೆಯುತ್ತಾ ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ. ಕರೆಂಟ್ ಹೋದೊಡನೆ ಹಿಡಿತ ಬಿಡುತ್ತದೆ. ಮತ್ತೆ ಬಂದರೂ ಯಾರಾದರೂ ಹಸಿರು ಗುಂಡಿ ಒತ್ತುವ ತನಕ ಯಂತ್ರ ಏಳುವುದಿಲ್ಲ. ಗೋಡೆಯ ಮಾಮೂಲಿ ಸ್ವಿಚ್ಚಿಗೆ ಈ ಬುದ್ಧಿ ಇಲ್ಲ. ಅದು ಆನ್ ಎಂದರೆ ಆನ್. ಸಿಂಗಲ್ ಫೇಸ್‌ಗೂ ಈ ಸ್ಟಾರ್ಟರ್ ಸಿಗುತ್ತದೆ.

ಒಂದು ಎಚ್ಚರಿಕೆ: ಅದು ಕರೆಂಟ್ ಹೋಗಿ ಬರುವುದಕ್ಕೆ ಮಾತ್ರ ಮದ್ದು. ಕಲ್ಲು ತೊಳೆಯುವಾಗ ಪ್ಲಗ್ಗನ್ನೇ ಕಿತ್ತು, ತೊಳೆಯುವವನ ಕಣ್ಣೆದುರಿಗೆ ಇಟ್ಟುಕೊಳ್ಳಬೇಕು.

ಡೊಂಬಿವಲಿ ಮೇಷ್ಟ್ರು

ನಾನು ಮುಂಬೈಯ ಕನ್ನಡ ರಾತ್ರಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವನು, ಈಗ ನಿವೃತ್ತ. ಪದಗಳ ಬಗ್ಗೆ ಎರಡು ಮಾತು. ಹಳೆಯ ಪಠ್ಯಗಳಲ್ಲಿ ‘ಚೈತನ್ಯ’ ಎಂದಿತ್ತು, ಈಗ ‘ಶಕ್ತಿ’ ಎನ್ನುತ್ತಾರೆ. ಎತ್ತರದಲ್ಲಿಟ್ಟ ವಸ್ತುವಿನಲ್ಲಿ, ಅದುಮಿದ ಸ್ಪ್ರಿಂಗಿನಲ್ಲಿ ಇರುವುದಕ್ಕೆ ‘ಪ್ರಚ್ಛನ್ನ ಶಕ್ತಿ’ ಎಂಬ ಹೆಸರಿತ್ತು. ಪ್ರಚ್ಛನ್ನ ಎಂದರೆ ಅಡಗಿರುವುದು. ಮರಾಠಿಯಲ್ಲಿ ‘ಸ್ಥಿತಿಜ ಊರ್ಜಾ’, ಸ್ಥಿತಿಯಿಂದ ಹುಟ್ಟಿದ್ದು. ಶಾಸ್ತ್ರಕ್ಕೆ ಮರಾಠಿ ಪದ ಹತ್ತಿರ ಇರಬಹುದು, ಆದರೆ ಫಿಟ್ಟರ್ ಅವರ ಕೆಲಸಕ್ಕೆ ನಮ್ಮ ಹಳೆಯ ಪದವೇ ಸರಿಯಾದದ್ದು.

ಈಗ ಲೆಕ್ಕ. ಸ್ಲೈಡ್ ಮತ್ತು ಮೇಲಿನ ಡೈ ಸೇರಿ ಎಷ್ಟು ತೂಕ, ಎಷ್ಟು ಎತ್ತರದಲ್ಲಿತ್ತು?

ಭೋಸರಿ ಫಿಟ್ಟರ್

ಸರ್, ಹತ್ತಿರ ಹತ್ತಿರ ಎರಡು ಟನ್. ಪೂರ್ತಿ ಮೇಲಿದ್ದಾಗ 400 ಮಿಲಿಮೀಟರ್.

ಡೊಂಬಿವಲಿ ಮೇಷ್ಟ್ರು

2000 ಕಿಲೋ ಗುಣಿಸು 9.8, ಗುಣಿಸು 0.4 ಮೀಟರ್. 7,840 ಜೂಲ್. ಹುಡುಗರಿಗೆ ಜೂಲ್ ಹೇಳಬೇಡಿ. 80 ಕಿಲೋ ತೂಕದ ಮನುಷ್ಯ ಹತ್ತು ಮೀಟರ್ ಎತ್ತರದಿಂದ, ಅಂದರೆ ಸುಮಾರು ಮೂರನೆಯ ಮಹಡಿಯಿಂದ ಬಿದ್ದಾಗ ನೆಲಕ್ಕೆ ತಲುಪುವುದೂ ಅಷ್ಟೇ ಶಕ್ತಿ. ಮೇನ್ ಆಫ್ ಆಗಿರುವಾಗ ನಿಮ್ಮ ಪ್ರೆಸ್ಸಿನಲ್ಲಿ ಅದು ಸದ್ದಿಲ್ಲದೆ ಕುಳಿತಿತ್ತು.

ಹಡಪ್ಸರ ಹುಡುಗ

ಸರ್, ಇದನ್ನು ಓದಿ ಈಗ ನಮ್ಮ ಪ್ರೆಸ್ ಪಕ್ಕದಲ್ಲಿ ಹಾದುಹೋಗುವುದಕ್ಕೂ ಹೆದರಿಕೆ.

ವಾಸ್ಕೊ ಬಾಗಲಕೋಟೆ

ಗೋವಾದಿಂದ. ಗಣಿಯ ಟಿಪ್ಪರುಗಳ ಮೆಕ್ಯಾನಿಕ್ ಆಗಿದ್ದೆ, 2012ರಲ್ಲಿ ಗಣಿಗಾರಿಕೆ ನಿಂತಾಗ ಕೆಲಸ ಹೋಯಿತು, ಈಗ ಜುವಾರಿನಗರದಲ್ಲಿ ಸ್ವಂತ ಗ್ಯಾರೇಜು. ಟಿಪ್ಪರಿನ ತೊಟ್ಟಿ ಮೇಲೆತ್ತಿ ಅದರಡಿ ತೂರಿಕೊಳ್ಳುವವರನ್ನು ದಿನವೂ ನೋಡುತ್ತೇನೆ. ಇಂಜಿನ್ ಆಫ್ ಇದೆಯಲ್ಲ ಎನ್ನುತ್ತಾರೆ. ತೊಟ್ಟಿಗೆ ಇಂಜಿನ್ ಏಕೆ ಬೇಕು ಬೀಳುವುದಕ್ಕೆ? ಕಬ್ಬಿಣದ ಪ್ರಾಪ್ (ಆಧಾರದ ಕಂಬ) ಕೊಡದೆ ನಾನು ಯಾವ ಗಾಡಿಯ ಅಡಿಗೂ ಹೋಗುವುದಿಲ್ಲ. ಜ್ಯಾಕ್ ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕೆ ಸ್ಟ್ಯಾಂಡ್.

ಅದಕ್ಕಿಂತ ದೊಡ್ಡ ಶತ್ರು ಲಾರಿಯ ಸ್ಪ್ರಿಂಗ್ ಬ್ರೇಕ್ ಚೇಂಬರ್. ಗಾಳಿ ಪೂರ್ತಿ ಖಾಲಿ ಮಾಡಿದ್ದೇನೆ, ಇನ್ನೇನು ಭಯ ಎಂದು ಅದರ ಕ್ಲ್ಯಾಂಪ್ ಬಿಚ್ಚುವ ಹುಡುಗರಿದ್ದಾರೆ. ಒಳಗೆ ಅದುಮಿಟ್ಟ ದೊಡ್ಡ ಸ್ಪ್ರಿಂಗ್. ಗಾಳಿ ಇಲ್ಲದಾಗಲೂ ಬ್ರೇಕ್ ಹಿಡಿದಿರಬೇಕು ಎಂದೇ ಅದನ್ನು ಇಟ್ಟಿರುವುದು. ಬೋಲ್ಟ್ ಹಾಕಿ ಸ್ಪ್ರಿಂಗನ್ನು ಕಟ್ಟಿಹಾಕದೆ ಬಿಚ್ಚಿದರೆ ಮುಚ್ಚಳ ಗುಂಡಿನಂತೆ ಹಾರುತ್ತದೆ. ಊರಲ್ಲಿ ಇಲಿಯ ಕತ್ತರಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಿಂಪ್ರಿ ಪಾಟೀಲ

ನಮ್ಮಲ್ಲಿ ಹೈಡ್ರಾಲಿಕ್ ಇಲ್ಲ, ಬರೀ ಗಾಳಿ. ಗಾಳಿಯಲ್ಲಿ ಏನಿದೆ?

ಚಾಕಣ ಇನ್‌ಸ್ಟ್ರುಮೆಂಟ್

ಪಾಟೀಲರೇ, 100 ಮಿಲಿಮೀಟರ್ ಬೋರಿನ (ಒಳವ್ಯಾಸದ) ಸಿಲಿಂಡರ್, 6 ಬಾರ್ ಒತ್ತಡದ ಗಾಳಿ. ತಳ್ಳುವ ಬಲ ಸುಮಾರು 480 ಕಿಲೋ. ಒಂದು ಎಮ್ಮೆ ಎದೆಯ ಮೇಲೆ ನಿಂತಂತೆ. ಕಂಪ್ರೆಸರ್ ಆಫ್ ಮಾಡಿದರೂ ಟ್ಯಾಂಕ್ ಮತ್ತು ಪೈಪಿನಲ್ಲಿ ಗಾಳಿ ಹಾಗೆಯೇ ಇರುತ್ತದೆ. ಸಿಕ್ಕಿಕೊಂಡ ಕೆಲಸದ ತುಣುಕನ್ನು ಕೈಯಿಂದ ಎಳೆದು ತೆಗೆದೊಡನೆ ಅರ್ಧದಲ್ಲಿ ನಿಂತಿದ್ದ ಸಿಲಿಂಡರ್ ತನ್ನ ಉಳಿದ ದಾರಿಯನ್ನು ಮುಗಿಸುತ್ತದೆ. ಯಂತ್ರದ ಕಡೆಗಿನ ಗಾಳಿಯನ್ನು ಹೊರಬಿಡುವ, ಬೀಗ ಹಾಕಬಹುದಾದ ವಾಲ್ವ್ ಸಿಗುತ್ತದೆ, ಅದನ್ನು ಹಾಕಿಸಿ.

ಪಿಂಪ್ರಿ ಪಾಟೀಲ

ತುಣುಕು ಸಿಕ್ಕಿಕೊಳ್ಳುವುದು ನಮ್ಮಲ್ಲಿ ದಿನಕ್ಕೆ ಮೂರು ಸಲ.

ಚಾಕಣ ಇನ್‌ಸ್ಟ್ರುಮೆಂಟ್

ಗೊತ್ತಿತ್ತು.

ತಂತಿಗೆ ಜೋತುಬಿದ್ದವನು

ಕಲ್ಯಾಣ ಕಡೆ ರೈಲ್ವೆಯ ಮೇಲ್ತಂತಿ ಕೆಲಸ ನನ್ನದು. ವಿದ್ಯುತ್ತಿನಲ್ಲೂ ‘ಆಫ್’ ಎಂಬ ಮಾತನ್ನು ನಂಬುವಂತಿಲ್ಲ ಎಂದು ಹೇಳಲು ಬಂದೆ. ಮುಂಬೈಯಲ್ಲಿ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ ಕುರ್ಲಾಕ್ಕೆ ಓಡಿದಾಗ 1,500 ವೋಲ್ಟ್ ಡಿಸಿ. ಈಗ 25,000 ವೋಲ್ಟ್ ಎಸಿ. ನಾವು ಕೆಲಸ ಮಾಡುವ ತಂತಿಯ ಕರೆಂಟನ್ನು ಕಡಿದು, ಪರ್ಮಿಟ್ ಕೈಗೆ ಕೊಟ್ಟ ಮೇಲೂ ಪಕ್ಕದ ಹಳಿಯ ತಂತಿ ಜೀವಂತವಾಗಿರುತ್ತದೆ. ಅದರ ಪ್ರಭಾವದಿಂದ ನಮ್ಮ ‘ಸತ್ತ’ ತಂತಿಯಲ್ಲೂ ಮನುಷ್ಯನನ್ನು ಕೊಲ್ಲುವಷ್ಟು ವೋಲ್ಟೇಜ್ ಹುಟ್ಟಬಹುದು. ಯಾರೂ ಸ್ವಿಚ್ ಹಾಕಿಲ್ಲ, ಯಾರ ತಪ್ಪೂ ಇಲ್ಲ. ಅದಕ್ಕೇ ಕೆಲಸದ ಜಾಗದ ಎರಡೂ ಬದಿಗೆ ಡಿಸ್ಚಾರ್ಜ್ ರಾಡ್ ಕಟ್ಟಿ ತಂತಿಯನ್ನು ಭೂಮಿಗೆ ಜೋಡಿಸುತ್ತೇವೆ. ಮೊದಲು ಭೂಮಿಯ ತುದಿ, ಆಮೇಲೆ ತಂತಿಯ ತುದಿ. ಬಿಚ್ಚುವಾಗ ತಿರುಗುಮುರುಗು. ಈ ಕ್ರಮ ತಪ್ಪಿದರೆ ರಾಡ್ ಹಿಡಿದವನೇ ಭೂಮಿಗೆ ದಾರಿಯಾಗುತ್ತಾನೆ.

ಹಡಪ್ಸರ ಹುಡುಗ

ರೈಲು ಬ್ರೇಕ್ ಹಾಕಿದಾಗ ಕರೆಂಟ್ ವಾಪಸ್ ಹೋಗುತ್ತದೆ ಎಂಬುದು ನಿಜವೇ?

ತಂತಿಗೆ ಜೋತುಬಿದ್ದವನು

ನಿಜ. ಹೊಸ ರೇಕುಗಳಲ್ಲಿ, ಅಂದರೆ ಹೊಸ ಗಾಡಿಗಳಲ್ಲಿ, ಮೋಟಾರೇ ಜನರೇಟರ್ ಆಗಿ ಓಟವನ್ನು ಕರೆಂಟಾಗಿ ಮಾಡಿ ತಂತಿಗೆ ಹಿಂದಿರುಗಿಸುತ್ತದೆ. ಕುರ್ಲಾದಲ್ಲಿ ನಿಲ್ಲುವ ಗಾಡಿ ಹೊರಡುವ ಇನ್ನೊಂದು ಗಾಡಿಗೆ ಸ್ವಲ್ಪ ಸಾಲ ಕೊಟ್ಟಂತೆ.

ಹಡಪ್ಸರ ಹುಡುಗ

ಹಾಗಾದರೆ ನಮ್ಮ ಪೇಂಟ್ ಬೂತಿನ ದೊಡ್ಡ ಬ್ಲೋವರ್ ಗಾಳಿಗೆ ಹಿಂದುಮುಂದಾಗಿ ತಿರುಗುತ್ತಿರುತ್ತದಲ್ಲ, ಅದೂ ಕರೆಂಟ್ ಹುಟ್ಟಿಸುತ್ತದೆಯೇ? ನಮ್ಮ ಸೂಪರ್‌ವೈಸರ್ ಹೌದು ಎಂದರು.

ಚಾಕಣ ಇನ್‌ಸ್ಟ್ರುಮೆಂಟ್

ಸಾಮಾನ್ಯ ಇಂಡಕ್ಷನ್ ಮೋಟಾರಾದರೆ ಹೊರಗಿನಿಂದ ಕಾಂತತ್ವ ಸಿಗದೆ ಹುಟ್ಟಿಸುವುದಿಲ್ಲ. ರೋಟರಿನಲ್ಲಿ ಶಾಶ್ವತ ಅಯಸ್ಕಾಂತ ಇರುವ ಮೋಟಾರಾದರೆ ಖಂಡಿತ ಹುಟ್ಟಿಸುತ್ತದೆ, ತಿರುಗುವ ತನಕ ಅದರ ತುದಿಗಳಲ್ಲಿ ವೋಲ್ಟೇಜ್ ಇರುತ್ತದೆ. ನಿಮ್ಮ ಸೂಪರ್‌ವೈಸರ್ ಅರ್ಧ ಸರಿ. ಆದರೆ ಯಾವ ಮೋಟಾರಾದರೂ ಆ ರೆಕ್ಕೆ ಬೆರಳು ಕತ್ತರಿಸುತ್ತದೆ, ಆದ್ದರಿಂದ ಮೊದಲು ರೆಕ್ಕೆಯನ್ನು ಕಟ್ಟಿಹಾಕಿ.

ಬಂದದ್ದಕ್ಕೆ ಡ್ರೈವ್‌ಗಳ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಜೊತೆಯವನೊಬ್ಬ ಇದರಲ್ಲೇ ಸುಟ್ಟುಕೊಂಡ. ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ ಒಳಗೆ 415 ವೋಲ್ಟ್ ಎಸಿ ಸುಮಾರು 587 ವೋಲ್ಟ್ ಡಿಸಿ ಆಗಿ, ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದೆ. 5,000 ಮೈಕ್ರೋಫ್ಯಾರಡ್ ಎಂದು ಇಟ್ಟುಕೊಂಡರೆ 860 ಜೂಲ್. ಮೇನ್ ಕಡಿದು ಪರದೆ ಕಪ್ಪಾದ ಮೇಲೂ ಅದು ಇಳಿಯುವುದಕ್ಕೆ ನಿಮಿಷಗಳು ಬೇಕು. ಎಷ್ಟು ನಿಮಿಷ ಎಂದು ಮುಚ್ಚಳದ ಮೇಲೆಯೇ ಬರೆದಿರುತ್ತಾರೆ, ಅದನ್ನು ಓದದೆ ಮುಚ್ಚಳ ತೆಗೆಯುತ್ತೇವೆ. ಕಾದ ಮೇಲೆ ಅಳೆಯಲೇಬೇಕು. ಜೇಬಿನ ನಿಯಾನ್ ಟೆಸ್ಟರನ್ನು ನಂಬಬೇಡಿ. ಮಲ್ಟಿಮೀಟರನ್ನೂ ಮೊದಲು ಕರೆಂಟ್ ಇರುವ ಕಡೆ ಇಟ್ಟು ಸರಿಯಿದೆಯೇ ನೋಡಿ, ಆಮೇಲೆ ಇಲ್ಲಿ, ಮತ್ತೆ ಅಲ್ಲಿ. ವೈರು ತುಂಡಾದ ಮೀಟರ್ ಎಲ್ಲೆಲ್ಲೂ ಸೊನ್ನೆಯನ್ನೇ ತೋರಿಸುತ್ತದೆ.

ವೆರ್ಣಾ ಕೆಮಿಸ್ಟ್

ಎಲ್ಲರೂ ‘ಆಫ್ ಮಾಡಿದರೂ ಉಳಿದಿರುತ್ತದೆ’ ಎನ್ನುತ್ತಿದ್ದೀರಿ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇನೆ: ಕೆಲವು ಕಡೆ ಆಫ್ ಮಾಡುವುದೇ ಅಪಾಯ. ಔಷಧ ಕಾರ್ಖಾನೆಯ ರಿಯಾಕ್ಟರಿನಲ್ಲಿ ಬಿಸಿ ಹುಟ್ಟಿಸುವ ಕ್ರಿಯೆ ನಡೆಯುತ್ತಿರುವಾಗ ಕಲಕುವ ಮೋಟಾರನ್ನು ನಿಲ್ಲಿಸಿದರೆ ಒಳಗಿನ ರಾಸಾಯನಿಕ ನಿಮ್ಮ ಸ್ವಿಚ್ಚನ್ನು ಕೇಳಿ ನಿಲ್ಲುವುದಿಲ್ಲ. ಬಿಸಿ ಹೊರಗಿನ ತಂಪು ಮಾಡುವ ಜಾಕೆಟ್ಟಿಗೆ ತಲುಪದೆ ಒಳಗೇ ಕೂಡುತ್ತದೆ, ಬಿಸಿಯಾದಷ್ಟೂ ಕ್ರಿಯೆ ವೇಗವಾಗುತ್ತದೆ. ಬೆರೆಯದೆ ಪದರವಾಗಿ ನಿಂತದ್ದನ್ನು ಮತ್ತೆ ಮೋಟಾರ್ ಹಾಕಿ ಒಮ್ಮೆಲೇ ಕಲಕಿದರೆ ಇನ್ನೂ ಕೆಟ್ಟದ್ದು. ಗುಜರಿ ಎತ್ತುವ ವಿದ್ಯುತ್ ಅಯಸ್ಕಾಂತದ ಕ್ರೇನ್ ಕೂಡ ಹಾಗೆಯೇ, ಕರೆಂಟ್ ಹೋದರೆ ಹೊರೆ ತಲೆಯ ಮೇಲೆ. ಅದಕ್ಕೇ ಅದಕ್ಕೆ ಬ್ಯಾಟರಿ ಕೊಟ್ಟಿರುತ್ತಾರೆ.

ವಾಸ್ಕೊ ಬಾಗಲಕೋಟೆ

ವೆರ್ಣಾದವರೇ, ಹತ್ತಿರದಲ್ಲೇ ಇದ್ದೀರಿ, ಗಾಡಿ ಕೆಟ್ಟರೆ ಬನ್ನಿ.

ಡೊಂಬಿವಲಿ ಮೇಷ್ಟ್ರು

ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ವೇಷ ಬದಲಿಸುವ ಮಾತು ಬಂದಾಗ ಘಟ್ಟದ ಬುಡದ ಖೋಪೋಲಿ ಜಲವಿದ್ಯುತ್ ಕೇಂದ್ರ ನೆನಪಾಯಿತು. ಮಕ್ಕಳನ್ನು ಲೋಣಾವಳಕ್ಕೆ ಕರೆದುಕೊಂಡು ಹೋದಾಗ ಕೇಳುತ್ತಿದ್ದೆ: ಈ ಕೆರೆಯ ನೀರನ್ನು ಬೆಟ್ಟದ ಮೇಲೆ ಹೊತ್ತು ತಂದವರು ಯಾರು? ಯಾರೂ ಸೂರ್ಯ ಎನ್ನುತ್ತಿರಲಿಲ್ಲ. ಸಮುದ್ರದ ನೀರು ಬಿಸಿಲಿಗೆ ಆವಿಯಾಗಿ ಘಟ್ಟದ ಮೇಲೆ ಮಳೆಯಾಯಿತು. ಕೆರೆಗೆ ಇಳಿದು ಕೊಳವೆಯಲ್ಲಿ ಸುಮಾರು 500 ಮೀಟರ್ ಕೆಳಗೆ ಧುಮುಕಿ 1915ರಿಂದ ಖೋಪೋಲಿಯಲ್ಲಿ ಚಕ್ರ ತಿರುಗಿಸುತ್ತಿದೆ. ಆ ಕರೆಂಟೇ ಮುಂಬೈಯ ಗಿರಣಿಗಳಲ್ಲಿ ನೂಲು ನೇಯಿತು. ಭೀರಾ ಜಲವಿದ್ಯುತ್ ಕೇಂದ್ರದಲ್ಲಂತೂ ಬೇಡಿಕೆ ಕಡಿಮೆ ಇದ್ದಾಗ ಕೆಳಗಿನ ನೀರನ್ನೇ ಮತ್ತೆ ಮೇಲಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಇಳಿಸುವ 150 ಮೆಗಾವಾಟಿನ ಘಟಕವೇ ಇದೆ. ಫಿಟ್ಟರ್ ಅವರ ಸ್ಲೈಡ್ ಮಾಡಿದ್ದೂ ಅದೇ, ಸಣ್ಣ ಪ್ರಮಾಣದಲ್ಲಿ.

ಹಡಪ್ಸರ ಹುಡುಗ

ಅಂದರೆ ಆಳಂದದ ಹುಡುಗನ ಕೈಗೆ ಬಂದದ್ದು ಅರಬ್ಬೀ ಸಮುದ್ರ.

ಕಾಯ್ದೆ ಕಾಕಾ

ಫಿಟ್ಟರ್ ಅವರೇ, ಭಾಷೆಯ ಒಂದು ಗುಂಡಿ ಇದೆ, ನೋಡಿ ಕಾಲಿಡಿ. ದುರಸ್ತಿಯ ಹೊತ್ತಿಗೆ ಮೇನ್ ಸ್ವಿಚ್ಚಿಗೆ ಬೀಗ ಹಾಕುವುದನ್ನು ಇಂಗ್ಲಿಷಿನಲ್ಲಿ ಕರೆಯುವ ‘ಲಾಕ್‌ಔಟ್’ ಎಂಬ ಪದ. ನಾನು ಪರೇಲ್ ಕಡೆ ಮೊದಲ ಸಲ ‘ಲಾಕ್‌ಔಟ್ ತರಬೇತಿ’ ಎಂದು ಫಲಕ ಹಾಕಿಸಿದ ದಿನ ಊಟದ ಬಿಡುವಿಗೆ ಯೂನಿಯನ್ನಿನವರು ಬಾಗಿಲಲ್ಲಿ ನಿಂತಿದ್ದರು. 1982ರ ಗಿರಣಿ ಮುಷ್ಕರ ನೋಡಿದ ತಲೆಗಳು. ಅವರ ಕಿವಿಗೆ ಲಾಕ್‌ಔಟ್ ಎಂದರೆ ಮಾಲೀಕ ಗೇಟಿಗೆ ಬೀಗ ಜಡಿಯುವುದು. ಅಂದಿನಿಂದ ‘ನನ್ನ ಬೀಗ’ ಎಂದೇ ಹೇಳುತ್ತೇನೆ. ಒಬ್ಬನಿಗೆ ಒಂದು ಬೀಗ, ಒಂದೇ ಕೀಲಿ, ಅದು ಅವನ ಜೇಬಿನಲ್ಲಿ. ಐವರು ಕೆಲಸ ಮಾಡಿದರೆ ಹಲವು ಬೀಗ ಹಿಡಿಯುವ ಹ್ಯಾಸ್ಪ್ ಎಂಬ ಕೊಂಡಿಯಲ್ಲಿ ಐದು ಬೀಗ. ಕೊನೆಯವನು ತೆಗೆಯುವ ತನಕ ಮೇನ್ ಏಳುವುದಿಲ್ಲ.

ವಾಸ್ಕೊ ಬಾಗಲಕೋಟೆ

ಪ್ಯಾನೆಲ್ ಮೇಲೆ ಮರಾಠಿಯಲ್ಲಿ ‘ಧೋಕಾ’, ಅಂದರೆ ಅಪಾಯ, ಎಂದು ಬರೆದಿರುತ್ತಾರಲ್ಲ, ಪುಣೆಗೆ ಬಂದ ಹೊಸದರಲ್ಲಿ ನಮ್ಮ ಕಾಕನ ಮಗ ಅದನ್ನು ಮೋಸ ಎಂದುಕೊಂಡಿದ್ದ. ಕರೆಂಟ್ ಇಲಾಖೆಯವರು ಯಾರಿಗೋ ಮೋಸ ಮಾಡಿದ್ದಾರೆ, ಅದಕ್ಕೇ ಬೋರ್ಡು ಎಂದು.

ಭೋಸರಿ ಫಿಟ್ಟರ್

ನಗು ಬಂತು, ಆದರೆ ಎರಡೂ ಅರ್ಥ ಸರಿಯೇ. ಆಫ್ ಆದ ಯಂತ್ರ ಮೋಸವನ್ನೂ ಮಾಡುತ್ತದೆ. ಇದನ್ನು ಗುರುವಾರ ಹೇಳುತ್ತೇನೆ. ಪ್ರೆಸ್ಸಿಗೆ ಕೊಡಲು ಎರಡು ಕಬ್ಬಿಣದ ಪ್ರಾಪ್‌ಗಳನ್ನು ಮಾಡಿಸುತ್ತಿದ್ದೇನೆ. ಹುಡುಗರು ಈಗ ಮರದ ತುಂಡು ಇಡುತ್ತಾರೆ, ಅದು ಸಾಲದಲ್ಲವೇ?

ಚಾಕಣ ಇನ್‌ಸ್ಟ್ರುಮೆಂಟ್

ಸಾಲದು. ಎರಡು ಟನ್ನಿಗೆ ಲೆಕ್ಕ ಹಾಕಿಯೇ ಮಾಡಿಸಿ, ಆ ಲೆಕ್ಕವನ್ನು ಕಾಗದದಲ್ಲಿ ಇಡಿ. ಇನ್ನೊಂದು ವಿಷಯ: ಪ್ರಾಪ್ ತಡೆಯುವುದು ಸ್ಲೈಡಿನ ತೂಕವನ್ನು, 100 ಟನ್ನಿನ ಒತ್ತಡವನ್ನಲ್ಲ. ಪ್ರಾಪ್ ಇರುವಾಗ ಯಾರಾದರೂ ಪ್ರೆಸ್ ಚಾಲೂ ಮಾಡಿದರೆ ಅದೇ ಈಟಿಯಾಗಿ ಹಾರುತ್ತದೆ. ಆದ್ದರಿಂದ ಪ್ರಾಪಿಗೆ ಸರಪಳಿಯಿಂದ ಒಂದು ಪ್ಲಗ್ ಕಟ್ಟಿ. ಆ ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತರೆ ಮಾತ್ರ ಪ್ರಾಪ್ ತನ್ನ ಜಾಗದಿಂದ ಹೊರಬಂದು ಸ್ಲೈಡಿನ ಅಡಿಗೆ ತಲುಪಬೇಕು, ಪ್ಲಗ್ ಕಿತ್ತಿದ್ದರೆ ಪ್ರೆಸ್ ಓಡಬಾರದು.

ಮತ್ತೆ ಎಣ್ಣೆ ಜಿನುಗುವ ಕಡೆ ಬೆರಳಿಟ್ಟು ಹುಡುಕುವ ಅಭ್ಯಾಸ ಬಿಡಿಸಿ. ಒತ್ತಡದ ಎಣ್ಣೆ ಸೂಜಿಯಂತೆ ಚರ್ಮದೊಳಗೆ ಹೋಗುತ್ತದೆ. ಹೊರಗೆ ಇರುವೆ ಕಚ್ಚಿದಷ್ಟೇ ಗುರುತು, ಒಳಗೆ ಕೈ ಕೊಳೆಯುತ್ತದೆ. ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಬೇಕು. ರಟ್ಟಿನ ತುಂಡು ಹಿಡಿದು ನೋಡಲಿ.

ಭೋಸರಿ ಫಿಟ್ಟರ್

(ಗುರುವಾರ ರಾತ್ರಿ) ಮಾತನಾಡಿ ಬಂದೆ. ಅರ್ಧ ಗಂಟೆ ಎಂದದ್ದು ಒಂದೂಕಾಲು ಗಂಟೆ ಆಯಿತು.

ಚಿತ್ರಪಟ ತೆರೆಯಲಿಲ್ಲ. ಮನೆಯಿಂದ ರೊಟ್ಟಿಯ ಹಂಚು ಮತ್ತು ನನ್ನ ಮಗನ ಬುಗುರಿ ತೆಗೆದುಕೊಂಡು ಹೋಗಿದ್ದೆ. ಹಂಚನ್ನು ಕ್ಯಾಂಟೀನಿನ ಒಲೆಯ ಮೇಲೆ ಕಾಯಿಸಿ, ಒಲೆ ಆರಿಸಿ, ಮೇಜಿನ ಮೇಲಿಟ್ಟು ‘ಯಾರು ಕೈ ಇಡುತ್ತೀರಿ, ಮೇನ್ ಆಫ್ ಇದೆ’ ಎಂದೆ. ಎಲ್ಲರೂ ನಕ್ಕರು. ಬುಗುರಿ ಬಿಟ್ಟು ಹಗ್ಗವನ್ನು ಜೇಬಿಗೆ ಹಾಕಿಕೊಂಡೆ. ಹಗ್ಗ ಇಲ್ಲ, ಯಾಕೆ ತಿರುಗುತ್ತಿದೆ ಎಂದು ಕೇಳಿದೆ. ಪಕ್ಕದ ಪವರ್ ಪ್ರೆಸ್ಸಿನ ಫ್ಲೈವೀಲ್ ಕಡೆಗೆ ಮೊದಲು ತಿರುಗಿ ನೋಡಿದವನು ಆ ಆಳಂದದ ಹುಡುಗನೇ. ನಮ್ಮಲ್ಲಿ ಮೋಟಾರ್ ಆಫ್ ಆದ ಮೇಲೂ ಅದು ಮೂರು ನಾಲ್ಕು ನಿಮಿಷ ತಿರುಗುತ್ತದೆ. ಒನಕೆ ಎತ್ತಿ ಹಿಡಿದಿರುವಾಗ ಒರಳಿಗೆ ಕೈ ಹಾಕುತ್ತೀರಾ ಎಂದು ಸ್ಲೈಡ್ ತೋರಿಸಿ ಕೇಳಿದಾಗ ಮಾತ್ರ ಯಾರೂ ನಗಲಿಲ್ಲ.

ಅಫಜಲಪುರದ ಒಬ್ಬ ಹಿರಿಯರು ಒಂದು ಪ್ರಶ್ನೆ ಕೇಳಿದರು: “ಖಾಲಿ ಆಗಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ನೀನು ಹೇಳಿದೆ ಎಂದು ನಂಬಲೇ?” ಹತ್ತೊಂಬತ್ತು ವರ್ಷಗಳಲ್ಲಿ ನಾನು ಕೇಳಿಕೊಳ್ಳದ ಪ್ರಶ್ನೆ. ಈಗ ಪ್ರತಿ ಯಂತ್ರದ ಪಕ್ಕಕ್ಕೆ ಒಂದು ಹಾಳೆ ಬರೆಯುತ್ತಿದ್ದೇನೆ: ಇದರಲ್ಲಿ ಏನೇನು ಉಳಿಯುತ್ತದೆ, ಹೇಗೆ ಇಳಿಸುವುದು, ಯಾವ ಮುಳ್ಳು ಸೊನ್ನೆ ತೋರಿಸಬೇಕು. ಏಳು ಯಂತ್ರಗಳಿಗೆ ಮುಗಿದಿದೆ. ಎರಡು ಯಂತ್ರಗಳಲ್ಲಿ ಒತ್ತಡ ತೋರಿಸುವ ಮುಳ್ಳೇ ಮುರಿದಿದೆ.

ವರದಿಯಲ್ಲಿ ‘ಕೆಲಸಗಾರನ ನಿರ್ಲಕ್ಷ್ಯ’ ಎಂಬುದನ್ನು ಹೊಡೆದುಹಾಕಿ ಎಂದು ಮ್ಯಾನೇಜರಿಗೆ ಕೇಳಿದ್ದೇನೆ. ‘ನೋಡೋಣ’ ಎಂದಿದ್ದಾರೆ.

ಪಿಂಪ್ರಿ ಪಾಟೀಲ

ಆ ಗಾಳಿ ಹೊರಬಿಡುವ ವಾಲ್ವ್‌ಗೆ ಅರ್ಧ ಇಂಚಿನದು ಸಾಕೇ, ಮುಕ್ಕಾಲು ಬೇಕೇ? ಶೋಕಿಗಾಗಿ ಕೇಳುತ್ತಿದ್ದೇನೆ ಅಷ್ಟೇ.

ಚಾಕಣ ಇನ್‌ಸ್ಟ್ರುಮೆಂಟ್

ನಿಮ್ಮ ಪೈಪಿನ ಅಳತೆಯದೇ ತೆಗೆದುಕೊಳ್ಳಿ. ಹೊರಗೆ ಬಿಡುವ ಬಾಯಿಗೆ ಸೈಲೆನ್ಸರ್ ಹಾಕಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಸದ್ದಿಗೆ ಹುಡುಗರೇ ಅದನ್ನು ಮುಚ್ಚಿಬಿಡುತ್ತಾರೆ.

ಮಾಟುಂಗಾ ಅಡುಗೆಮನೆ

ಈಗ ನನ್ನದೇ ಸಣ್ಣ ಹೋಟೆಲು ಇದೆ, ಎರಡು ಗ್ರೈಂಡರ್. ನಿಮ್ಮ ಮಾತು ಕೇಳಿ ಸಿಂಗಲ್ ಫೇಸ್ ಸ್ಟಾರ್ಟರ್ ಎರಡು ತಂದಿದ್ದೇನೆ. ಪೆಟ್ಟಿಗೆ ಹಾಗೇ ಇದೆ, ಇಲ್ಲಿನ ವೈರ್‌ಮನ್ ‘ಇದೆಲ್ಲ ಏಕೆ ಸೇಠ್’ ಎಂದು ಹೋದ. ಫಿಟ್ಟರ್ ಅವರೇ, ಮುಂದಿನ ಗುರುವಾರ ಬಿಡುವಿದೆಯೇ?

ಭೋಸರಿ ಫಿಟ್ಟರ್

ಬೆಳಿಗ್ಗೆಯ ಡೆಕ್ಕನ್ ಕ್ವೀನ್‌ಗೆ ಬರುತ್ತೇನೆ. ದಾದರ್‌ನಲ್ಲಿ ಇಳಿದು ನಡೆದೇ ಬರಬಹುದಲ್ಲ? ಆಳಂದದ ಹುಡುಗನನ್ನೂ ಕರೆದುಕೊಂಡು ಬರುತ್ತೇನೆ, ಅವನು ಮುಂಬೈ ನೋಡಿಲ್ಲ.

ಮಾಟುಂಗಾ ಅಡುಗೆಮನೆ

ಬನ್ನಿ. ಬರುವ ಮೊದಲು ಫೋನ್ ಮಾಡಿ, ಅಲ್ಲಿಯ ತನಕ ಹಿಟ್ಟು ರುಬ್ಬಿ ಮುಗಿಸಿರುತ್ತೇವೆ.

ಹಡಪ್ಸರ ಹುಡುಗ

ಇಡ್ಲಿ ಆದರೆ ನನಗೂ ಗುರುವಾರ ರಜೆ.